ಕುಸುಬೆ ಹೂವಿನಿಂದ ಜಪಾನಿನ ಕುರೆನಾಯ್ ಕೆಂಪು ತೆಗೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕುಸುಬೆ ಹೂವಿನಿಂದ ಕೆಂಪು ತೆಗೆಯಲು ಹೋದವರು ಮೂರು ದೂರು ಹೇಳುತ್ತಾರೆ. ಒಂದು, ರೇಷ್ಮೆ ಕೆಂಪಾಗುವ ಬದಲು ಕಿತ್ತಳೆಯಾಯಿತು. ಎರಡು, ನೀರಿಗೆ ಬಣ್ಣ ಬಂದಿತ್ತು, ಆದರೆ ನೋಡನೋಡುತ್ತಾ ಕಂದಾಯಿತು. ಮೂರು, ಬಟ್ಟೆ ಚೆಂದದ ಗುಲಾಬಿಯಾಗಿತ್ತು, ಒಂದೇ ಸಲ ಒಗೆದದ್ದಕ್ಕೆ ಬಿಳಿಯಾಯಿತು.

ಮೂರಕ್ಕೂ ಕಾರಣ ಕೈಚಳಕದ ಕೊರತೆ ಅಲ್ಲ. ಬೇರೆ ಗಿಡಗಳ ಬಣ್ಣಕ್ಕೆ ನಾವು ಕಲಿತ ಅಭ್ಯಾಸವನ್ನೇ ಇಲ್ಲಿಗೂ ತಂದಿರುತ್ತೇವೆ. ದಾಳಿಂಬೆ ಸಿಪ್ಪೆ, ಚೆಂಡುಹೂವು, ಮಂಜಿಷ್ಠ ಯಾವುದೇ ಇರಲಿ, ಸ್ಫಟಿಕ (ಆಲಂ) ಹಾಕಿ, ಒಲೆಯ ಮೇಲಿಟ್ಟು ಕುದಿಸುತ್ತೇವೆ. ಕುಸುಬೆಯ ಕೆಂಪಿಗೆ ಸ್ಫಟಿಕ ಬೇಡ, ಒಲೆಯಂತೂ ಬೇಡವೇ ಬೇಡ. ತಣ್ಣೀರು, ಬೂದಿಯ ಕ್ಷಾರ, ಹುಳಿ, ಇಷ್ಟೇ. ಆದರೆ ಇವು ಬರುವ ಸರದಿ ಒಂದಿಷ್ಟೂ ತಪ್ಪಬಾರದು.

ಜಪಾನಿನಲ್ಲಿ ಕುಸುಬೆಗೆ ಬೆನಿಬಾನಾ ಎನ್ನುತ್ತಾರೆ. ಅದರಿಂದ ಬರುವ ಗಾಢ ಕೆಂಪು ಕುರೆನಾಯ್. ಈ ಬರಹದಲ್ಲಿ ಆ ಕೆಂಪನ್ನು ಮನೆಯಲ್ಲಿ ಒಂದು ಚಿಕ್ಕ ರೇಷ್ಮೆ ಶಾಲಿಗೆ ಹಾಕುವುದನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ತಿಳಿ ಬಣ್ಣ ಎಲ್ಲಿಗೆ, ಗಾಢ ಬಣ್ಣ ಎಲ್ಲಿಗೆ, ಕಾಗದಕ್ಕೆ ಹೇಗೆ ಎಂಬುದೂ ಕೊನೆಯಲ್ಲಿದೆ.

## ಶುರು ಮಾಡುವ ಮೊದಲು ಇದು ಗೊತ್ತಿರಲಿ

ಕುಸುಬೆ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ಧಾರಾಳವಾಗಿದೆ, ತಣ್ಣೀರಿನಲ್ಲೇ ಕರಗಿ ಹೋಗುತ್ತದೆ. ಕೆಂಪು ತೀರಾ ಕಡಿಮೆ. ನೂರು ಗ್ರಾಂ ಒಣ ಎಸಳಿನಲ್ಲಿ ಒಂದು ಗ್ರಾಂ ಕೆಂಪು ಕೂಡ ಇರುವುದಿಲ್ಲ. ಈ ಕೆಂಪಿನ ಹೆಸರು ಕಾರ್ಥಮಿನ್.

ಕಾರ್ಥಮಿನ್ ಬರೀ ನೀರಿನಲ್ಲಿ ಕರಗುವುದಿಲ್ಲ. ಹುಳಿ ನೀರಿನಲ್ಲೂ ಕರಗುವುದಿಲ್ಲ. ಕ್ಷಾರದ ನೀರಿನಲ್ಲಿ ಮಾತ್ರ ಕರಗುತ್ತದೆ. ಕರಗಿದ ಮೇಲೆ ಹುಳಿ ಹಾಕಿದರೆ ಮತ್ತೆ ನೀರನ್ನು ಬಿಟ್ಟು ಹೊರಬರುತ್ತದೆ. ಆ ಹೊತ್ತಿಗೆ ಅಲ್ಲಿ ಬಟ್ಟೆ ಇದ್ದರೆ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಇಡೀ ಕೆಲಸ ನಿಂತಿರುವುದು ಇದೊಂದರ ಮೇಲೆ.

ಇದಕ್ಕೆ ಎರಡು ಶತ್ರುಗಳು. ಬಿಸಿ ಮತ್ತು ತಡ. ಕ್ಷಾರದಲ್ಲಿರುವಾಗ ಕಾರ್ಥಮಿನ್ ಬಹಳ ಸೂಕ್ಷ್ಮ. ನೀರು ಬೆಚ್ಚಗಿದ್ದರೆ, ಅಥವಾ ಸುಮ್ನೆ ರಾತ್ರಿಯಿಡೀ ಬಿಟ್ಟರೆ, ಕೆಂಪು ಒಡೆದು ಕಂದಾಗುತ್ತದೆ. ಒಮ್ಮೆ ಒಡೆದ ಮೇಲೆ ಯಾವ ಹುಳಿ ಹಾಕಿದರೂ ವಾಪಸ್ ಬರುವುದಿಲ್ಲ.

ಆದ್ದರಿಂದಲೇ ಜಪಾನಿನಲ್ಲಿ ಈ ಬಣ್ಣದ ಕೆಲಸಕ್ಕೆ ಚಳಿಗಾಲವೇ ಒಳ್ಳೆಯ ಕಾಲ. ಕಡುಚಳಿಯ ದಿನಗಳಲ್ಲಿ ತಯಾರಾದ ಕೆಂಪಿಗೆ ಕನ್‌ಬೆನಿ ಎಂಬ ಪ್ರತ್ಯೇಕ ಹೆಸರೇ ಇದೆ. ಅದನ್ನೇ ಅತ್ಯುತ್ತಮ ಎಂದು ಎಣಿಸುತ್ತಾರೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಟ್ಯಾಂಕಿನ ನೀರು ಮುಟ್ಟಿ ನೋಡಿ. ಆ ನೀರಿನಲ್ಲಿ ಈ ಕೆಲಸ ಮಾಡಲೇಬೇಡಿ. ಡಿಸೆಂಬರ್, ಜನವರಿಯ ಮುಂಜಾನೆ ಮಾಡಿ. ಬೇರೆ ಕಾಲದಲ್ಲಾದರೆ ಫ್ರಿಜ್‌ನಲ್ಲಿ ತಣಿಸಿದ ನೀರು ಬಳಸಿ. ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ.

## ಬೇಕಾಗುವ ಸಾಮಾನು

ಈ ಅಳತೆ 50 ಗ್ರಾಂ ತೂಕದ ರೇಷ್ಮೆ ಶಾಲಿಗೆ, ಒಂದು ಅದ್ದಿಗೆ.

- ಒಣಗಿದ ಕುಸುಬೆ ಎಸಳು 200 ಗ್ರಾಂ
- ತೆಳ್ಳಗಿನ ಬಿಳಿ ಹತ್ತಿ ಬಟ್ಟೆ, ಮಲ್ಮಲ್ ಥರದ್ದು, ಸುಮಾರು 100 ಗ್ರಾಂ
- ಪೊಟ್ಯಾಷಿಯಂ ಕಾರ್ಬೊನೇಟ್ ಅಥವಾ ವಾಷಿಂಗ್ ಸೋಡಾ, ಇಲ್ಲವೇ ಭತ್ತದ ಹುಲ್ಲಿನ ಬೂದಿ
- ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಅಥವಾ ಬಿಳಿ ವಿನೆಗರ್
- ಪಿಎಚ್ ಪೇಪರ್, ಥರ್ಮಾಮೀಟರ್, ಅಡುಗೆ ತಕ್ಕಡಿ
- ಗಟ್ಟಿ ಹೊಲಿಗೆಯ ಹತ್ತಿ ಚೀಲ, ಎರಡು ಬಕೆಟ್, ಅಗಲ ಬಾಯಿಯ ಎರಡು ಸ್ಟೀಲ್ ಬೋಗುಣಿ
- ರಬ್ಬರ್ ಗ್ಲೌಸ್

ಪಿಎಚ್ ಪೇಪರ್ ಇಲ್ಲದೆ ಶುರು ಮಾಡಬೇಡಿ. ಅದು ದುಬಾರಿ ಸಾಮಾನಲ್ಲ, ಆದರೆ ಈ ಕೆಲಸಕ್ಕೆ ಕಣ್ಣಿದ್ದ ಹಾಗೆ. ಪಿಎಚ್ 7 ಅಂದರೆ ನೀರು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಮೇಲೆ ಹೋದರೆ ಕ್ಷಾರ, ಕೆಳಗಿಳಿದರೆ ಹುಳಿ.

ಕಬ್ಬಿಣದ ಪಾತ್ರೆ, ತುಕ್ಕು ಹಿಡಿದ ಬಕೆಟ್ ಹಿಡಿಕೆ, ಕಬ್ಬಿಣದ ಸೌಟು ಯಾವುದೂ ಹತ್ತಿರ ಬರಬಾರದು. ಕಬ್ಬಿಣ ತಾಗಿದರೆ ಬಣ್ಣ ಮಂಕಾಗುತ್ತದೆ. ಬೋರ್‌ವೆಲ್ ಗಡಸು ನೀರೂ ತೊಂದರೆಯೇ. ಅದಕ್ಕೆ ಸೋಡಾ ಹಾಕಿದರೆ ಬಿಳಿ ಮೋಡದ ಹಾಗೆ ಕದಡುತ್ತದೆ. ಮಳೆನೀರು ಅಥವಾ ಫಿಲ್ಟರ್ ನೀರು ಒಳ್ಳೆಯದು.

## ಹಂತ 1: ಎಸಳು ಆರಿಸಿಕೊಳ್ಳುವುದು

ಗ್ರಂಥಿಗೆ ಅಂಗಡಿಯಲ್ಲಿ ಒಣ ಕುಸುಬೆ ಎಸಳು ಸಿಗುತ್ತದೆ. ಕೇಸರಿಗೆ ಕಲಬೆರಕೆ ಮಾಡುವುದೂ ಇದನ್ನೇ. ಕೊಳ್ಳುವಾಗ ಬಣ್ಣ ನೋಡಿ. ಇಟ್ಟಿಗೆ ಕೆಂಪು ಅಥವಾ ಗಾಢ ಕಿತ್ತಳೆ ಇರಬೇಕು. ಬರೀ ಹಳದಿ ಇದ್ದರೆ ಅದರಲ್ಲಿ ಕೆಂಪು ಸಿಗುವುದಿಲ್ಲ. ಕಂದು ತಿರುಗಿ ಪುಡಿಪುಡಿಯಾಗಿದ್ದರೆ ತುಂಬಾ ಹಳೆಯದು.

ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಒಂದು ಚಮಚ ಎಸಳನ್ನು ತಣ್ಣೀರಿನಲ್ಲಿ ನಾಲ್ಕೈದು ಸಲ ತೊಳೆದು ಹಿಂಡಿ. ಹಳದಿ ಹೋದ ಮೇಲೆ ಉಳಿದ ಎಸಳು ಕೆಂಪಾಗಿ ಕಂಡರೆ ಸರಕು ಒಳ್ಳೆಯದು. ಹುಲ್ಲಿನ ಬಣ್ಣಕ್ಕೆ ತಿರುಗಿದರೆ ಆ ಅಂಗಡಿ ಬಿಡಿ.

ವಿಜಯಪುರ, ಕಲಬುರಗಿ, ಧಾರವಾಡ, ಗದಗ ಕಡೆಯವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ನಿಮ್ಮ ಎರೆಹೊಲದ ಹಿಂಗಾರಿ ಕುಸುಬೆಯಲ್ಲಿ ಎಣ್ಣೆಗೆ ಬೇಕಾದದ್ದು ಬೀಜ. ಎಸಳು ಹೊಲದಲ್ಲೇ ಒಣಗಿ ಉದುರುತ್ತದೆ. ಅರಳುವಾಗ ಹಳದಿ ಇದ್ದು, ಬಾಡುವಾಗ ಕೆಂಪಿಗೆ ತಿರುಗುವ ಹೂವನ್ನು ಗುರುತಿಟ್ಟುಕೊಳ್ಳಿ. ಬುಡದಲ್ಲಿ ಕೆಂಪು ಕಾಣಿಸಿಕೊಂಡ ಕೂಡಲೇ ಎಸಳನ್ನಷ್ಟೇ ಕೀಳಿ, ಕಾಯಿ ಗಿಡದಲ್ಲೇ ಇರಲಿ. ಬೆಳಕು ಹರಿಯುವ ಹೊತ್ತಿಗೆ ಹೋಗಿ. ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ. ಜಪಾನಿನ ಯಾಮಾಗಾತಾ ಪ್ರಾಂತ್ಯದ ರೈತರು ಜುಲೈ ತಿಂಗಳಲ್ಲಿ ಹೂವು ಬಿಡಿಸುವುದೂ ಮುಂಜಾನೆಯೇ, ಕಾರಣವೂ ಇದೇ.

ಹಸಿ ಎಸಳು ಸಿಕ್ಕರೆ ಯಾಮಾಗಾತಾದವರ ಹಾಗೆ ಬೆನಿಮೋಚಿ ಮಾಡಿ. ಅದು ಕೆಂಪನ್ನು ಹೆಚ್ಚಿಸುವ ಕ್ರಮ. ಎಸಳನ್ನು ನೀರಿನಲ್ಲಿ ಚೆನ್ನಾಗಿ ತುಳಿದು ಹಳದಿ ತೆಗೆಯಿರಿ. ನೆರಳಿನಲ್ಲಿ ಚಾಪೆಯ ಮೇಲೆ ಎರಡು ಬೆರಳು ದಪ್ಪ ಹರಡಿ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ, ಕೈಯಾಡಿಸಿ. ಎರಡು ಮೂರು ದಿನದಲ್ಲಿ ರಾಶಿಯೆಲ್ಲ ಕೆಂಪಾಗಿ ಸ್ವಲ್ಪ ಅಂಟಂಟಾಗುತ್ತದೆ. ಆಗ ಒರಳಿನಲ್ಲಿ ಕುಟ್ಟಿ, ಸಣ್ಣ ಬಿಲ್ಲೆ ತಟ್ಟಿ, ಬಿಸಿಲಿಗೆ ಒಣಗಿಸಿ. ತೆಳು ಹುಳಿ ವಾಸನೆ ಬಂದರೆ ಹೆದರಬೇಡಿ. ಕೊಳೆತ ವಾಸನೆ ಬಂದರೆ, ಕಪ್ಪು ಬೂಷ್ಟು ಕಂಡರೆ ಆ ಭಾಗ ಎಸೆಯಿರಿ. ಹೆಚ್ಚಿನವರು ತಪ್ಪುವುದು ದಪ್ಪದಲ್ಲಿ. ದಪ್ಪ ಹರಡಿದರೆ ರಾಶಿಯ ಒಳಗೆ ಕಾವು ಏರಿ ಎಸಳು ಕೊಳೆಯುತ್ತದೆ.

## ಹಂತ 2: ಬಟ್ಟೆ ಸಿದ್ಧ ಮಾಡುವುದು

ಗಂಜಿ, ಎಣ್ಣೆ, ಅಂಟು ಇರುವ ಬಟ್ಟೆಗೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ. ಅಂಟು ತೆಗೆದ ಬಿಳಿ ರೇಷ್ಮೆಯನ್ನೇ ಕೊಳ್ಳಿ. ಮೃದು ಸೋಪಿನಲ್ಲಿ ತೊಳೆದು, ಸೋಪಿನ ಅಂಶ ಪೂರ್ತಿ ಹೋಗುವವರೆಗೆ ಜಾಲಿಸಿ. ಹತ್ತಿ ಬಟ್ಟೆಯನ್ನು ಸೋಡಾ ನೀರಿನಲ್ಲಿ ಕುದಿಸಿ ತೊಳೆಯಿರಿ. ಕುದಿಸುವ ಕೆಲಸ ಇಲ್ಲಿಗೇ ಮುಗಿಯಿತು.

ಸ್ಫಟಿಕ ಹಾಕಬೇಡಿ. ಸ್ಫಟಿಕ ಕಂಡ ರೇಷ್ಮೆ ಹಳದಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಿತ್ತಳೆಯಾಯಿತು ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ ತಪ್ಪು.

## ಹಂತ 3: ಹಳದಿ ಕಳೆಯುವುದು

ಅರ್ಧಕ್ಕರ್ಧ ಜನ ಸೋಲುವುದು ಈ ಹಂತದಲ್ಲಿ. ಕೆಂಪಿನ ಆಸೆಗೆ ಹಳದಿಯನ್ನು ಅರ್ಧ ತೆಗೆದು ಮುಂದೆ ಓಡುತ್ತಾರೆ.

ಎಸಳನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ. ಚೀಲ ಅರ್ಧ ಖಾಲಿ ಇರಲಿ, ಎಸಳು ನೆನೆದು ಉಬ್ಬುತ್ತದೆ. ಐದಾರು ಲೀಟರ್ ತಣ್ಣೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಚೀಲವನ್ನು ನೀರಿನೊಳಗೇ ಹಿಟ್ಟು ನಾದಿದ ಹಾಗೆ ನಾದಿ, ಗಟ್ಟಿಯಾಗಿ ಹಿಂಡಿ. ಮೊದಲ ನೀರು ಗಾಢ ಹಳದಿ, ಸ್ವಲ್ಪ ಕಂದು. ಅದನ್ನು ಬೇರೆ ಬಕೆಟ್ಟಿಗೆ ಸುರಿದಿಡಿ.

ಹೊಸ ತಣ್ಣೀರು ಹಾಕಿ ಮತ್ತೆ ನಾದಿ, ಮತ್ತೆ ಹಿಂಡಿ. ಹೀಗೆ ಎಂಟು ಹತ್ತು ಸಲ ಆಗುತ್ತದೆ. ಕೊನೆಯ ಎರಡು ಸಲದ ನೀರಿಗೆ ಒಂದೊಂದು ಚಮಚ ವಿನೆಗರ್ ಹಾಕಿ. ಹುಳಿ ನೀರಿನಲ್ಲಿ ಕೆಂಪು ಕದಲುವುದಿಲ್ಲ, ಉಳಿದ ಹಳದಿ ಮಾತ್ರ ಬಿಡುತ್ತದೆ. ಆಮೇಲೆ ಒಮ್ಮೆ ಬರೀ ನೀರಿನಲ್ಲಿ ಹಿಂಡಿ. ಎಸಳಿನಲ್ಲಿ ಹುಳಿ ಉಳಿದರೆ ಮುಂದಿನ ಹಂತದ ಕ್ಷಾರವನ್ನು ಅದು ತಿಂದುಹಾಕುತ್ತದೆ.

ಯಾವಾಗ ನಿಲ್ಲಿಸಬೇಕು? ಬಿಳಿ ಬಟ್ಟಲಿಗೆ ಹಿಂಡಿದ ನೀರು ತೆಗೆದುಕೊಳ್ಳಿ. ತೆಳು ನಿಂಬೆ ಶರಬತ್ತಿಗಿಂತ ತಿಳಿಯಾಗಿದ್ದರೆ ಸಾಕು. ಎಸಳು ಒಣಗಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಕೆಂಪಾಗಿ ಕಾಣಬೇಕು.

ಒಂದು ಎಚ್ಚರಿಕೆ. ಬೇಗ ಆಗಲಿ ಅಂತ ಬೆಚ್ಚಗಿನ ನೀರು ಹಾಕಬೇಡಿ. ಹಾಗೇ ನಿಮ್ಮ ನಲ್ಲಿ ನೀರೇ ಕ್ಷಾರವಾಗಿದ್ದರೆ, ಪಿಎಚ್ 8ರ ಮೇಲಿದ್ದರೆ, ತೊಳೆಯುವಾಗಲೇ ಕೆಂಪು ಜಾರಿ ಹೋಗುತ್ತದೆ. ಅಂಥ ನೀರಿಗೆ ಮೊದಲಿಂದಲೂ ನಾಲ್ಕು ಹನಿ ವಿನೆಗರ್ ಬೆರೆಸಿಯೇ ತೊಳೆಯಿರಿ.

ತೆಗೆದಿಟ್ಟ ಹಳದಿ ನೀರನ್ನು ಚೆಲ್ಲಬೇಡಿ. ಸ್ಫಟಿಕ ಹಾಕಿದ ಬೇರೊಂದು ರೇಷ್ಮೆಯನ್ನು ಅದರಲ್ಲಿ ಬಿಸಿ ಮಾಡಿ ಅದ್ದಿದರೆ ಒಳ್ಳೆಯ ಹಳದಿ ಬರುತ್ತದೆ.

## ಹಂತ 4: ಕ್ಷಾರದಲ್ಲಿ ಕೆಂಪು ತೆಗೆಯುವುದು

ಇಲ್ಲಿಂದ ಮುಂದೆ ಗಡಿಯಾರ ನೋಡುತ್ತಿರಿ. ಈ ಹಂತ ಶುರುವಾದ ಮೇಲೆ ಫೋನ್ ಎತ್ತಬೇಡಿ, ಊಟಕ್ಕೆ ಏಳಬೇಡಿ. ಹುಳಿಯನ್ನು ಅಳೆದು ಕರಗಿಸಿ ಪಕ್ಕದಲ್ಲೇ ಇಟ್ಟುಕೊಂಡಿರಿ.

ಮೂರು ಲೀಟರ್ ತಣ್ಣೀರಿಗೆ ಪೊಟ್ಯಾಷಿಯಂ ಕಾರ್ಬೊನೇಟನ್ನು ಚೂರುಚೂರೇ ಹಾಕಿ ಕರಗಿಸಿ. ಪಿಎಚ್ 10ರಿಂದ 11ರ ನಡುವೆ ನಿಲ್ಲಬೇಕು. ಪುಡಿ ಕರಗುವಾಗ ನೀರು ಸ್ವಲ್ಪ ಬಿಸಿಯಾಗಬಹುದು, ತಣಿದ ಮೇಲೆ ಬಳಸಿ. ಅಡುಗೆ ಸೋಡಾ ಇದಕ್ಕೆ ಸಾಲದು, ಅದು ಪಿಎಚ್ 8ರ ಹತ್ತಿರವೇ ನಿಂತುಬಿಡುತ್ತದೆ. ಕಾಸ್ಟಿಕ್ ಸೋಡಾ ಮಾತ್ರ ಮುಟ್ಟಲೇಬೇಡಿ. ಕೈಯನ್ನೂ ಸುಡುತ್ತದೆ, ಬಣ್ಣವನ್ನೂ ಸುಡುತ್ತದೆ.

ಹಳೆಯ ಕ್ರಮದಲ್ಲೇ ಮಾಡುವ ಆಸೆಯಿದ್ದರೆ ಹುಲ್ಲಿನ ಬೂದಿ ಬಳಸಿ. ಕ್ಯೋಟೊದಲ್ಲಿ ಸಹಜ ಬಣ್ಣ ಹಾಕುವವರು ಇವತ್ತಿಗೂ ಭತ್ತದ ಹುಲ್ಲು ಸುಟ್ಟು ಬೂದಿ ಮಾಡಿಕೊಳ್ಳುತ್ತಾರೆ. ಬೂದಿಯ ಮೇಲೆ ಬಿಸಿನೀರು ಸುರಿದು, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ. ಪೂರ್ತಿ ತಣ್ಣಗಾಗಿದೆಯೇ ನೋಡಿ. ಪಿಎಚ್ 10 ಮುಟ್ಟದಿದ್ದರೆ ಅದೇ ತಿಳಿಯನ್ನು ಹೊಸ ಬೂದಿಯ ಮೇಲೆ ಇನ್ನೊಮ್ಮೆ ಹಾಯಿಸಿ.

ಗ್ಲೌಸ್ ಹಾಕಿಕೊಂಡು ಎಸಳಿನ ಚೀಲವನ್ನು ಕ್ಷಾರದ ನೀರಿಗಿಳಿಸಿ. ಇಪ್ಪತ್ತು ನಿಮಿಷ ಬಿಡದೆ ನಾದಿ. ನೀರು ಗಾಢ ಚಹಾದ ಬಣ್ಣಕ್ಕೆ ಬರುತ್ತದೆ. ಇದನ್ನು ನೋಡಿ ತುಂಬಾ ಜನ ನಿರಾಸೆಪಡುತ್ತಾರೆ, ಕೆಂಪೆಲ್ಲಿ ಅಂತ. ಕ್ಷಾರದಲ್ಲಿ ಅದು ಹೀಗೆಯೇ ಕಾಣುವುದು. ಚೀಲವನ್ನು ಬಲವಾಗಿ ಹಿಂಡಿ, ನೀರನ್ನು ಬೋಗುಣಿಗೆ ಸೋಸಿ.

ಎರಡು ಲೀಟರ್ ಹೊಸ ಕ್ಷಾರದ ನೀರಿನಲ್ಲಿ ಇನ್ನೊಂದು ಸಲ ಇದನ್ನೇ ಮಾಡಿ, ಆ ನೀರನ್ನೂ ಮೊದಲಿನದಕ್ಕೆ ಸೇರಿಸಿ. ಮೂರನೆಯ ಸಲದಲ್ಲಿ ಸಿಗುವುದು ಕಡಿಮೆ. ಎರಡೂ ಸೇರಿ ಒಂದು ಗಂಟೆ ದಾಟಬಾರದು.

## ಹಂತ 5: ಹುಳಿ ಹಾಕಿ ತಿರುಗಿಸುವುದು

ದೊಡ್ಡ ಪಾತ್ರೆಗೆ ಬಗ್ಗಿಸಿಕೊಳ್ಳಿ. ಕಾರ್ಬೊನೇಟಿಗೆ ಹುಳಿ ತಾಗಿದರೆ ನೊರೆ ಉಕ್ಕುತ್ತದೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು.

ಜಪಾನಿನಲ್ಲಿ ಇದಕ್ಕೆ ಉಬಾಯ್ ಬಳಸುತ್ತಾರೆ. ಉಮೆ ಎಂಬ ಹುಳಿ ಹಣ್ಣಿಗೆ ಮಸಿ ಸವರಿ, ಹೊಗೆಯಲ್ಲಿ ಬೇಯಿಸಿ ಒಣಗಿಸಿದ ಕಪ್ಪು ಕಾಯಿ ಅದು. ನಾರಾದ ತ್ಸುಕಿಗಾಸೆ ಊರಿನದು ಹೆಸರುವಾಸಿ. ಅದನ್ನು ನೆನೆಸಿದ ನೀರಿನಲ್ಲಿರುವ ಮುಖ್ಯ ಹುಳಿ ಸಿಟ್ರಿಕ್ ಆಮ್ಲ, ಅಂದರೆ ನಮ್ಮ ನಿಂಬೆ ಉಪ್ಪೇ. ಹಾಗಾಗಿ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಬಳಸಿದರೆ ಕೆಲಸಕ್ಕೆ ಮೋಸವಿಲ್ಲ. ಹುಣಸೆಹಣ್ಣು ಬೇಡ, ಅದರ ಕಂದು ಬಣ್ಣವೂ ಬಟ್ಟೆಗೆ ಬರುತ್ತದೆ.

ಚಮಚ ಚಮಚವಾಗಿ ಹಾಕಿ ಕಲಕಿ. ನೊರೆ ಏಳುತ್ತದೆ, ಇಳಿಯಲಿ ಬಿಡಿ. ಪಿಎಚ್ 8 ದಾಟಿ 7ರ ಹತ್ತಿರ ಬರುವಾಗ ಚಹಾ ಬಣ್ಣದ ನೀರು ನಿಮ್ಮ ಕಣ್ಣೆದುರೇ ಕೆಂಪಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಗಳಿಗೆ ಹಳತಾಗಿಲ್ಲ. ಅಲ್ಲಿಗೆ ಹುಳಿ ನಿಲ್ಲಿಸಿ.

ಒಂದೇ ಸಲ ಬಟ್ಟಲುಗಟ್ಟಲೆ ಹುಳಿ ಸುರಿಯುವುದು ದೊಡ್ಡ ತಪ್ಪು. ಆಗ ಕೆಂಪು ಸಣ್ಣ ಚೂರುಗಳಾಗಿ ನೀರಿನಲ್ಲೇ ಗಟ್ಟಿಯಾಗುತ್ತದೆ. ಆ ಚೂರು ಬಟ್ಟೆಯ ಮೇಲೆ ಧೂಳಿನ ಹಾಗೆ ಕೂರುತ್ತದೆ, ಒಣಗಿದ ಮೇಲೆ ಉಜ್ಜಿದರೆ ಕೈಗೆ ಬರುತ್ತದೆ.

## ಹಂತ 6: ಹತ್ತಿ ಬಟ್ಟೆಯ ಮೂಲಕ ಶುದ್ಧ ಮಾಡುವುದು

ಇದನ್ನು ಬಿಟ್ಟೂ ರೇಷ್ಮೆ ಅದ್ದಬಹುದು. ಆದರೆ ಬರುವುದು ಹವಳದ ಬಣ್ಣ, ಕುರೆನಾಯ್ ಅಲ್ಲ. ಎಷ್ಟೇ ತೊಳೆದರೂ ನೀರಿನಲ್ಲಿ ಸ್ವಲ್ಪ ಹಳದಿ ಉಳಿದೇ ಇರುತ್ತದೆ. ರೇಷ್ಮೆ ಎರಡನ್ನೂ ಹೀರುತ್ತದೆ. ಹತ್ತಿ ಹಾಗಲ್ಲ. ಅದು ಕೆಂಪನ್ನು ಹಿಡಿಯುತ್ತದೆ, ಹಳದಿಯನ್ನು ಬಿಟ್ಟುಬಿಡುತ್ತದೆ. ಜಪಾನಿನಲ್ಲಿ ತುಟಿಯ ಬಣ್ಣ ಮಾಡುವವರು ಇದೇ ಗುಣವನ್ನು ನಂಬಿ ಸೆಣಬಿನ ಜಾತಿಯ ನಾರಿಗೆ ಕೆಂಪು ಹೀರಿಸಿ ಶುದ್ಧ ಮಾಡುತ್ತಾರೆ.

ಒದ್ದೆ ಮಾಡಿದ ಹತ್ತಿ ಬಟ್ಟೆಯನ್ನು ಕೆಂಪು ನೀರಿಗೆ ಹಾಕಿ ಆಡಿಸುತ್ತಾ ಇರಿ. ಕಾಲು ಗಂಟೆಗೊಮ್ಮೆ ಸ್ವಲ್ಪ ಹುಳಿ ಸೇರಿಸಿ ಪಿಎಚ್ 6ಕ್ಕೆ, ಆಮೇಲೆ 5.5ಕ್ಕೆ ಇಳಿಸಿ. ಒಂದೂವರೆ ಗಂಟೆಯಲ್ಲಿ ಬಟ್ಟೆ ಗಾಢ ಗುಲಾಬಿಯಾಗಿ, ನೀರು ಬರೀ ಹಳದಿಯಾಗಿ ಉಳಿಯುತ್ತದೆ. ಒಂದು ಬಿಳಿ ಹತ್ತಿ ಚೂರನ್ನು ಅದ್ದಿ ನೋಡಿ. ಅದಕ್ಕೆ ಗುಲಾಬಿ ಹತ್ತದಿದ್ದರೆ ನೀರಿನಲ್ಲಿ ಕೆಂಪು ಮುಗಿದಿದೆ ಎಂದರ್ಥ.

ಹತ್ತಿಯನ್ನು ತಣ್ಣೀರಿನಲ್ಲಿ ನಾಲ್ಕೈದು ಸಲ ಜಾಲಿಸಿ. ಆಮೇಲೆ ಒಂದೂವರೆ ಲೀಟರ್ ಹೊಸ ಕ್ಷಾರದ ನೀರಿನಲ್ಲಿ, ಪಿಎಚ್ 10ರಲ್ಲಿ, ಅದ್ದಿ ಹಿಂಡಿ. ಹತ್ತಿ ಹಿಡಿದಿದ್ದ ಕೆಂಪನ್ನೆಲ್ಲ ಬಿಟ್ಟುಕೊಡುತ್ತದೆ. ಐದು ಹತ್ತು ನಿಮಿಷ ಸಾಕು. ಕೂಡಲೇ ಹುಳಿ ಹಾಕಿ ಪಿಎಚ್ 7ಕ್ಕೆ ತನ್ನಿ. ಈ ಸಲ ಬರುವ ಕೆಂಪು ನೋಡಿದರೆ ಮೊದಲಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಾನೇ ತಿಳಿಯುತ್ತದೆ.

ನಿಮಗೆ ಹತ್ತಿ ಬಟ್ಟೆಯೇ ಬೇಕಿದ್ದರೆ ಮೊದಲ ಅದ್ದಿನಲ್ಲೇ ನಿಲ್ಲಿಸಿ, ನೇರ ಹಂತ 8ಕ್ಕೆ ಹೋಗಿ.

## ಹಂತ 7: ರೇಷ್ಮೆ ಅದ್ದುವುದು

ರೇಷ್ಮೆ ಒದ್ದೆಯಾಗಿರಬೇಕು, ಆದರೆ ತೊಟ್ಟಿಕ್ಕುತ್ತಿರಬಾರದು. ಬಿಡಿಸಿ ಒಮ್ಮೆಗೇ ಪೂರ್ತಿ ಮುಳುಗಿಸಿ. ಮೊದಲ ಐದು ನಿಮಿಷ ಕೈ ನಿಲ್ಲಿಸಬೇಡಿ. ಕಲೆ, ಪಟ್ಟೆ ಆಗುವುದೆಲ್ಲ ಆ ಐದು ನಿಮಿಷದಲ್ಲೇ.

ಇಪ್ಪತ್ತು ನಿಮಿಷ ಆದ ಮೇಲೆ ಬಟ್ಟೆಯನ್ನು ಎತ್ತಿ ಹಿಡಿದು, ನೀರಿಗೆ ಹುಳಿ ಬೆರೆಸಿ ಪಿಎಚ್ 6ಕ್ಕೆ ತನ್ನಿ. ಬಟ್ಟೆಯ ಮೇಲೆ ನೇರ ಹುಳಿ ಸುರಿಯಬಾರದು. ಮತ್ತೆ ಇಪ್ಪತ್ತು ನಿಮಿಷ ಆಡಿಸಿ. ಕೊನೆಗೆ ಪಿಎಚ್ 5ರಿಂದ 5.5. ಆಮೇಲೆ ಒಂದು ಗಂಟೆ ಬಿಡಬಹುದು. ಹುಳಿಯಲ್ಲಿರುವಾಗ ಅವಸರವಿಲ್ಲ. ಅವಸರವೆಲ್ಲ ಕ್ಷಾರದಲ್ಲಿರುವಾಗ.

ಪಿಎಚ್ 9, 10ರಲ್ಲೇ ರೇಷ್ಮೆ ಹಾಕಿ ಆಮೇಲೆ ಹುಳಿ ಹಾಕುವವರಿದ್ದಾರೆ. ಬೇಡ. ಕ್ಷಾರ ರೇಷ್ಮೆಯ ಹೊಳಪನ್ನೂ ಬಲವನ್ನೂ ತಿನ್ನುತ್ತದೆ.

## ಹಂತ 8: ಜಾಲಿಸಿ ಒಣಗಿಸುವುದು

ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ. ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿ. ತಿರುಚಿ ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ. ಬಿಸಿಲು ಬೇಡ.

## ಯಾವ ಬಳಕೆಗೆ ಎಷ್ಟು ಗಾಢ?

ಒಂದು ಅದ್ದಿಗೆ ಕುರೆನಾಯ್ ಬರುತ್ತದೆ ಎಂದುಕೊಂಡು ಬೇಸರಪಡುವವರು ಜಾಸ್ತಿ. ಒಂದು ಅದ್ದಿಗೆ ಬರುವುದು ಗುಲಾಬಿ. ಗಾಢ ಮಾಡಲು ಅದೇ ನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಆಗದು. ಹೊಸ ಎಸಳಿನಿಂದ ಹೊಸ ನೀರು ತೆಗೆದು ಮತ್ತೆ ಮತ್ತೆ ಅದ್ದಬೇಕು. ಜಪಾನಿನ ಹಳೆಯ ಮಾತಿನಲ್ಲಿ ಎಂಟು ಸಲ ಅದ್ದಿದ ಕೆಂಪು ಎಂಬ ಬಳಕೆಯೇ ಇದೆ. ಲೆಕ್ಕಕ್ಕೆ ಎಂಟು ಅಂತಲ್ಲ, ಹಲವು ಸಲ ಎಂದು.

ಗಾಢತನಕ್ಕೆ ಹೂವಿನ ತೂಕವೇ ಅಳತೆ. ಎರಡು ಕಿಮೋನೊಗೆ ಆಗುವಷ್ಟು ರೇಷ್ಮೆಗೆ ಒಂದು ಕಿನ್, ಅಂದರೆ ಸುಮಾರು 600 ಗ್ರಾಂ, ಹೂವು ಹಾಕಿದರೆ ಬರುವ ತಿಳಿ ಗುಲಾಬಿಗೆ ಇಕ್ಕೊನ್‌ಝೊಮೆ ಎನ್ನುತ್ತಾರೆ. ಜಪಾನಿನ ಹೇಆನ್ ಕಾಲದಲ್ಲಿ (8ರಿಂದ 12ನೆಯ ಶತಮಾನ) ಗಾಢ ಕೆಂಪು ಉಡುವುದಕ್ಕೆ ಎಲ್ಲರಿಗೂ ಅನುಮತಿ ಇರಲಿಲ್ಲ. ಉಳಿದವರು ಉಡಬಹುದಾದ ಬಣ್ಣಗಳಿಗೆ ಅನುಮತಿಯ ಬಣ್ಣ ಎಂದೇ ಹೆಸರು. ಇಕ್ಕೊನ್‌ಝೊಮೆ ಅಂಥದ್ದು. ಇನ್ನೊಂದು ತುದಿಯಲ್ಲಿ ತುಂಬಾ ಗಾಢವಾದ ಕೆಂಪು, ಕಾರಾಕುರೆನಾಯ್. 927ರಲ್ಲಿ ಸಿದ್ಧವಾದ ಎಂಗಿಶಿಕಿ ಎಂಬ ಆಡಳಿತ ನಿಯಮಗಳ ಸಂಗ್ರಹದಲ್ಲಿ ಅದಕ್ಕೆ ಬೇಕಾದ ಸಾಮಾನಿನ ಪಟ್ಟಿಯಿದೆ. ಹೂವಿನ ಜೊತೆ ಹುಳಿಯೂ ಹುಲ್ಲೂ ಅದರಲ್ಲಿವೆ. ನೀವು ಈಗ ಮಾಡಿದ್ದೂ ಅದನ್ನೇ.

ನಿಮ್ಮ ಮನೆಯ ಲೆಕ್ಕ ಹೀಗಿಟ್ಟುಕೊಳ್ಳಿ. ಬಟ್ಟೆಯ ತೂಕದಷ್ಟೇ ಎಸಳು ಹಾಕಿದರೆ ತಿಳಿ ಗುಲಾಬಿ. ನಾಲ್ಕು ಪಟ್ಟಿಗೆ ಒಳ್ಳೆಯ ಗುಲಾಬಿ. ಹತ್ತು ಪಟ್ಟು ದಾಟಿದ ಮೇಲೆ ಕೆಂಪಿನ ಮಾತು.

ಕಿಮೋನೊದ ಒಳಗೆ ಹಾಕುವ ಕೆಂಪು ರೇಷ್ಮೆ ಅಸ್ತರಿಗೆ ಮೊಮಿ ಎನ್ನುತ್ತಾರೆ. ನಾದು, ಉಜ್ಜು ಎಂಬ ಅರ್ಥದ ಮೊಮು ಎಂಬ ಕ್ರಿಯಾಪದದಿಂದ ಬಂದ ಹೆಸರದು, ಎಸಳು ನಾದಿ ತೆಗೆಯುವ ಬಣ್ಣವಲ್ವಾ. ಇದಕ್ಕೆ ಮೊದಲು ಅರಿಸಿನದ ಬಣ್ಣ ಹಾಕಿ, ಅದರ ಮೇಲೆ ಬೆನಿ, ಅಂದರೆ ಕುಸುಬೆಯ ಕೆಂಪು, ಹಾಕುತ್ತಾರೆ. ಕಡಿಮೆ ಹೂವಿನಲ್ಲೇ ಉರಿಯುವ ಕೆಂಪು ಬರುತ್ತದೆ. ನೀವೂ ಮಾಡಬಹುದು. ಆದರೆ ನೀರಿನ ಪಿಎಚ್ 7ಕ್ಕೆ ಇಳಿಯುವ ಮೊದಲು ಅರಿಸಿನದ ಬಟ್ಟೆ ಹಾಕಿದರೆ ಅದು ಕಂದುಗೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ತಾಗಿದರೆ ಕುಂಕುಮದ ಬಣ್ಣ ಬರುವುದು ನಮಗೆ ಹೊಸದೇನಲ್ಲ. ನೋಡಲು ಚೆನ್ನಾಗಿದೆ ಎಂದು ಮೋಸ ಹೋಗಬೇಡಿ. ಹುಳಿ ತಾಗಿದೊಡನೆ ಅದು ಮತ್ತೆ ಹಳದಿಗೆ ತಿರುಗುತ್ತದೆ.

ಅರಿಸಿನದ ಬದಲು ಗಾರ್ಡೇನಿಯಾ ಕಾಯಿಯ ಹಳದಿ ಕೆಳಗಿದ್ದರೆ ಓನಿ ಎಂಬ ಕಿತ್ತಳೆ ಬರುತ್ತದೆ. ಯುವರಾಜನ ವಿಧಿಯ ಉಡುಪಿನ ಬಣ್ಣ ಅದು. ನೀಲಿಯ ಮೇಲೆ ಬೆನಿ ಬಂದರೆ ನೇರಳೆ ಬಗೆಯ ಫುತಾಯ್. ನೀಲಿಯ ಕೆಲಸ ಮೊದಲು, ಬೆನಿ ಕೊನೆಗೆ. ನೀಲಿಯ ತೊಟ್ಟಿ ಕ್ಷಾರದ್ದು, ಸರದಿ ಅದಲುಬದಲಾದರೆ ಅದು ಕೆಂಪನ್ನೆಲ್ಲ ಬಿಡಿಸಿಹಾಕುತ್ತದೆ.

## ಕಾಗದಕ್ಕೆ ಮತ್ತು ತುಟಿಗೆ

ನಾರಾದ ತೋದಾಯ್‌ಜಿ ದೇವಾಲಯದಲ್ಲಿ ಪ್ರತಿ ವರ್ಷ ಮಾರ್ಚ್ 1ರಿಂದ 14ರವರೆಗೆ ಓಮಿಜುತೋರಿ ಆಚರಣೆ ನಡೆಯುತ್ತದೆ. ಅಲ್ಲಿ ಅರ್ಪಿಸುವ ಕಾಗದದ ಕಮೇಲಿಯಾ ಹೂವುಗಳ ಕೆಂಪು ಎಸಳಿಗೆ ಕ್ಯೋಟೊದ ಯೊಶಿಒಕಾ ಮನೆತನದ ಬಣ್ಣದ ಕಾರ್ಯಾಗಾರ ಬೆನಿ ಬಣ್ಣದ ಕಾಗದ ಕೊಡುತ್ತದೆ. ಕಾಗದವನ್ನು ನೀರಿನಲ್ಲಿ ಅದ್ದುವುದಿಲ್ಲ. ಬಣ್ಣದ ಕೆಸರನ್ನು ಬ್ರಶ್ಶಿನಲ್ಲಿ ಪದರ ಪದರವಾಗಿ ಬಳಿಯುತ್ತಾರೆ.

ಆ ಕೆಸರು ಮಾಡಲು ಹಂತ 6ರಲ್ಲಿ ಸಿಕ್ಕ ಶುದ್ಧ ನೀರಿಗೆ ಬಟ್ಟೆ ಹಾಕದೆ, ಹುಳಿ ಹಾಕಿ ಪಿಎಚ್ 5ಕ್ಕೆ ಇಳಿಸಿ. ತಂಪಿನ ಕತ್ತಲೆಯ ಜಾಗದಲ್ಲಿ ಒಂದು ರಾತ್ರಿ ಬಿಡಿ. ಬಟ್ಟೆ ಅದ್ದುವಾಗ ತಪ್ಪಾಗಿದ್ದ ಆ ಚೂರುಗಟ್ಟುವಿಕೆಯೇ ಇಲ್ಲಿ ನಮಗೆ ಬೇಕಾದದ್ದು. ಮೇಲಿನ ತಿಳಿಯನ್ನು ಬಗ್ಗಿಸಿ, ಉಳಿದದ್ದನ್ನು ಒತ್ತಾದ ರೇಷ್ಮೆ ಬಟ್ಟೆಯಲ್ಲಿ ಸೋಸಿ. ಸಿಗುವುದು ಒಂದು ಚಮಚದಷ್ಟೂ ಇರುವುದಿಲ್ಲ. ಒಂದು ಪದರ ಒಣಗಿದ ಮೇಲೆ ಇನ್ನೊಂದು ಬಳಿಯಿರಿ, ಅವಸರ ಮಾಡಿದರೆ ಕೆಳಗಿನದೇ ಎದ್ದುಬರುತ್ತದೆ.

ಇದೇ ಕೆಸರನ್ನು ಪಿಂಗಾಣಿ ಬಟ್ಟಲಿನ ಒಳಗೆ ಬಳಿದು ಒಣಗಿಸಿದರೆ ಅದು ತುಟಿಯ ಬೆನಿ. 1825ರಲ್ಲಿ ಶುರುವಾದ ಟೋಕಿಯೋದ ಇಸೆಹಾನ್ ಎಂಬ ಸಂಸ್ಥೆ ಇವತ್ತಿಗೂ ಇದನ್ನು ಮಾಡುತ್ತದೆ. ಶುದ್ಧವಾಗಿದ್ದರೆ ಒಣಗಿದ ಪದರ ಹಸಿರಾಗಿ, ಜೀರುಂಡೆಯ ರೆಕ್ಕೆಯ ಹಾಗೆ ಹೊಳೆಯುತ್ತದೆ. ಒದ್ದೆ ಬೆರಳು ತಾಗಿಸಿದ ಕೂಡಲೇ ಮತ್ತೆ ಕೆಂಪು. ನಿಮ್ಮ ಬಟ್ಟಲಿನಲ್ಲಿ ಹಸಿರು ಕಾಣದೆ ಕಂದು ಕಂಡರೆ ಹಳದಿ ಉಳಿದಿದೆ ಎಂದು ತಿಳಿಯಿರಿ. ವಾಷಿಂಗ್ ಸೋಡಾ ಬಳಸಿ ಮಾಡಿದ್ದನ್ನು ತುಟಿಗೆ ಹಚ್ಚಲೇಬೇಡಿ. ಅದು ಕಾಗದಕ್ಕೆ ಮಾತ್ರ.

## ಕೆಟ್ಟಾಗ ಏನು ಮಾಡಬಹುದು

ರೇಷ್ಮೆ ಕಿತ್ತಳೆಯಾಯಿತು. ಹಳದಿ ಪೂರ್ತಿ ಹೋಗಿಲ್ಲ. ಶಾಲನ್ನು ಪಿಎಚ್ 9ರ ತಣ್ಣೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಕೆಂಪನ್ನು ವಾಪಸ್ ತೆಗೆಯಿರಿ. ರೇಷ್ಮೆಯನ್ನು ಕೂಡಲೇ ವಿನೆಗರ್ ನೀರಿನಲ್ಲಿ ಜಾಲಿಸಿ. ತೆಗೆದ ಕೆಂಪನ್ನು ಹತ್ತಿಯ ಮೂಲಕ ಶುದ್ಧ ಮಾಡಿ, ಬೇರೆ ಬಟ್ಟೆಗೆ ಹಾಕಿ.

ಹುಳಿ ಹಾಕಿದರೂ ನೀರು ಕೆಂಪಾಗಲಿಲ್ಲ. ಮೊದಲು ಪಿಎಚ್ ನೋಡಿ, ಇನ್ನೂ 8ರ ಮೇಲಿರಬಹುದು. 6ಕ್ಕೆ ಬಂದರೂ ಕಂದಾಗಿಯೇ ಇದ್ದರೆ ಕೆಂಪು ಒಡೆದಿದೆ. ನನ್ನ ಮೊದಲ ಅರ್ಧ ಕಿಲೋ ಎಸಳು ಹೀಗೇ ಹೋಯಿತು. ಕ್ಷಾರದ ನೀರನ್ನು ಕೊಂಚ ಬೆಚ್ಚಗೆ ಮಾಡಿದ್ದೆ, ಅಷ್ಟೇ. ಆ ನೀರನ್ನು ಉಳಿಸಲು ಹೋಗಬೇಡಿ.

ನೀರಿನಲ್ಲಿ ಬಣ್ಣ ಇದೆ, ಬಟ್ಟೆಗೆ ಹತ್ತುತ್ತಿಲ್ಲ. ಹುಳಿ ಸಾಲದು. ಸ್ವಲ್ಪ ಸ್ವಲ್ಪವೇ ಸೇರಿಸಿ.

ಪಟ್ಟೆ ಪಟ್ಟೆ ಆಯಿತು. ಬಟ್ಟೆ ಸರಿಯಾಗಿ ನೆನೆದಿರಲಿಲ್ಲ, ಅಥವಾ ಪಾತ್ರೆ ಚಿಕ್ಕದಾಯಿತು. ಎರಡನೆಯ ಅದ್ದಿನಲ್ಲಿ ತಕ್ಕಮಟ್ಟಿಗೆ ಮುಚ್ಚಿಕೊಳ್ಳುತ್ತದೆ.

## ಬಟ್ಟೆ ಕಾಪಾಡಿಕೊಳ್ಳುವುದು

ಒಗೆಯುವ ಪುಡಿ, ಬಟ್ಟೆ ಸೋಪು ಎರಡೂ ಕ್ಷಾರ. ಹಂತ 4ರಲ್ಲಿ ಎಸಳಿನಿಂದ ಕೆಂಪು ತೆಗೆದ ಹಾಗೆಯೇ ಅವು ನಿಮ್ಮ ಶಾಲಿನಿಂದಲೂ ತೆಗೆಯುತ್ತವೆ. ಮೂರನೆಯ ದೂರಿಗೆ ಉತ್ತರ ಇದೇ. ತಣ್ಣೀರಿಗೆ ಒಂದು ಚಮಚ ವಿನೆಗರ್ ಹಾಕಿ, ಅದ್ದಿ ತೆಗೆದರೆ ಸಾಕು. ಡ್ರೈ ಕ್ಲೀನಿಂಗ್‌ಗೆ ಕೊಡುವುದಾದರೆ ಇದು ಹೂವಿನ ಬಣ್ಣ ಎಂದು ಮೊದಲೇ ಹೇಳಿ.

ಬಿಸಿ ಇಸ್ತ್ರಿ ತಾಗಿಸಬೇಡಿ. ಬೆಳಕಿಗೂ ಈ ಕೆಂಪು ಬೇಗ ಬಾಡುತ್ತದೆ. ಗೋಡೆಗೆ ತೂಗುಹಾಕಲು, ಕಿಟಕಿಯ ಪರದೆಗೆ ಇದು ಆಗಿಬರುವುದಿಲ್ಲ. ಜಪಾನಿನಲ್ಲಿ ಇದನ್ನು ಅಸ್ತರಿಗೆ, ಒಳ ಉಡುಪಿಗೆ ಅಷ್ಟು ಬಳಸಿದ್ದನ್ನು ನೆನಪಿಟ್ಟುಕೊಳ್ಳಿ, ಅಲ್ಲಿ ಬಿಸಿಲು ತಾಗುವುದಿಲ್ಲ. ಕಿಮೋನೊ ಇಡುವ ಹಾಗೆ ಕಾಗದದಲ್ಲಿ ಸುತ್ತಿ ಕತ್ತಲೆಯ ಪೆಟ್ಟಿಗೆಯಲ್ಲಿಡಿ. ಸುತ್ತುವ ಕಾಗದದ ಮೇಲೆ ಪಿಎಚ್ ಪೇಪರ್ ಒದ್ದೆ ಮಾಡಿ ಒತ್ತಿ ನೋಡಿ. 7ರ ಮೇಲೆ ತೋರಿಸಿದರೆ ಬೇರೆ ಕಾಗದ ಹುಡುಕಿ.